ಅನುಷ್ಕಾ ಎಲ್ಲಿ ಓದುತ್ತಾಳೆ?

ಡೊಂಬಿವಲಿ ಪೂರ್ವ
4 ಆಗಸ್ಟ್ 2024

ಅನು,

ಆಶೀರ್ವಾದ ಎಂದು ಶುರು ಮಾಡಿದರೆ ನೀನು ಅಲ್ಲಿಗೇ ಮಡಚಿ ಇಡುತ್ತೀಯ ಎಂದು ಗೊತ್ತು. ಹಾಗಾಗಿ ಸೀದಾ ವಿಷಯಕ್ಕೆ ಬರುತ್ತೇನೆ. ದಿನಾ ಸಂಜೆ ಜಲಜಕ್ಕನ ಫೋನಿಗೆ ಮಾಡುತ್ತೇನೆ. ದಿನಾ ಅವಳು "ಅನು ಸ್ನಾನಕ್ಕೆ ಹೋಗಿದ್ದಾಳೆ" ಎನ್ನುತ್ತಾಳೆ. ಅಂಬರನಾಥದಲ್ಲಿ ನೀರು ಅಷ್ಟು ಧಾರಾಳವಾಗಿ ಬರುವುದು ಯಾವಾಗಿನಿಂದ? ನೀನು ಫೋನಿಗೆ ಬರುವುದಿಲ್ಲವಾದರೆ ನಾನು ಬರೆಯುತ್ತೇನೆ. ಪಪ್ಪ ಹೇಗೂ ಅಲ್ಲಿನ ಫ್ಯಾಕ್ಟರಿ ಕ್ಯಾಂಟೀನ್ ನೋಡಿಕೊಳ್ಳಲಿಕ್ಕೆ ದಿನಾ ಬರುತ್ತಾರಲ್ಲ, ಅವರ ಚೀಲದಲ್ಲಿ ಕಳಿಸುತ್ತೇನೆ. ನಿನಗೆ ತುಳುವಿನಲ್ಲಿ ಬೈದು ಅಭ್ಯಾಸ ನನಗೆ. ಕನ್ನಡದಲ್ಲಿ ಬರೆದರೆ ಬೈಗುಳವೂ ಸ್ವಲ್ಪ ಮರ್ಯಾದೆಯಿಂದ ಬರುತ್ತದೆ, ಹೆದರಬೇಡ.

ನಿನ್ನನ್ನು ಮನೆಯಿಂದ ಓಡಿಸಿದೆವು ಎಂದು ದೊಡ್ಡಮ್ಮನ ಹತ್ತಿರ ಹೇಳಿದ್ದೀಯಂತೆ. ಐದು ಸ್ಟೇಷನ್ ಆಚೆ, ನನ್ನ ಸ್ವಂತ ಅಕ್ಕನ ಮನೆಯಲ್ಲಿ ಇಟ್ಟದ್ದಕ್ಕೆ ಓಡಿಸಿದ್ದು ಎನ್ನುತ್ತಾರಾ? ನನ್ನ ಜಾಗದಲ್ಲಿ ನಿಂತು ನೋಡು. ಹತ್ತನೆಯ ರಿಸಲ್ಟ್ ಬಂದ ಮರುದಿನ ಸೊಸಾಯಿಟಿಯ ಗೇಟಿಗೆ ಎದುರು ಮನೆಯ ಮನೀಶನ ಮುಖ ಇರುವ ಫ್ಲೆಕ್ಸ್ ಕಟ್ಟಿದರು. ತೊಂಬತ್ತನಾಲ್ಕು ಪರ್ಸೆಂಟ್, ಹಾರ್ದಿಕ ಅಭಿನಂದನೆ, ಕೆಳಗೆ ನಮ್ಮ ವಾರ್ಡಿನ ನಗರಸೇವಕರ ಮುಖ ಬೇರೆ. ಹಾಲು ತರಲಿಕ್ಕೆ ನಾನು ಅದರ ಕೆಳಗೇ ನುಸುಳಬೇಕು. ಅವನ ಅಮ್ಮ ರಮಿತಾ ಜಂಭದವಳಾಗಿದ್ದರೆ ಚೆನ್ನಾಗಿತ್ತು, ಮೂಗು ಮುರಿದು ಸುಮ್ಮನಾಗಬಹುದಿತ್ತು. ಅವಳು ಒಳ್ಳೆಯವಳು. ಲಿಫ್ಟಿನಲ್ಲಿ ನನ್ನ ಕೈ ಹಿಡಿದು, "ಅಕ್ಕಾ, ನಮ್ಮ ಅನುವಿಗೆ ಎಷ್ಟು ಬಂತು? ಎಲ್ಲಿಗೆ ಹಾಕ್ತೀರಿ?" ಎಂದು ಕೇಳಿದಳು. ಅರವತ್ತೊಂದು ಎನ್ನಲು ಬಾಯಿ ತೆರೆದೆ. ಲಿಫ್ಟು ತುಂಬ ಜನ. ನನ್ನ ಬಾಯಿಂದ ಬಂದದ್ದು ಊರಿನ, ನಮ್ಮ ಕಟಪಾಡಿ ಕಡೆಯ ಆ ದೊಡ್ಡ ಕಾಲೇಜಿನ ಹೆಸರು. ಸಯನ್ಸು, ಹಾಸ್ಟೆಲು, ಅಲ್ಲಿ ಫೋನ್ ಇಟ್ಟುಕೊಳ್ಳಲು ಬಿಡುವುದೇ ಇಲ್ಲ ಎಂದೆಲ್ಲ ಸೇರಿಸಿದೆ.

ಇಲ್ಲಿಯವರಿಗೆ ಊರಿನ ಹಾಸ್ಟೆಲ್ ಕಾಲೇಜೆಂದರೆ ಕಣ್ಣರಳುತ್ತದೆ. ಆದರೆ ಅಜ್ಜಿಗೆ ಅದನ್ನೇ ಹೇಳುವಂತಿಲ್ಲ, ಕಟಪಾಡಿಯಿಂದ ಬಸ್ಸು ಹತ್ತಿ ನಿನ್ನನ್ನು ನೋಡಲು ಹೊರಟೇಬಿಡುತ್ತಾರೆ. ಅವರಿಗೆ ಮಾಟುಂಗಾದ ಕಾಲೇಜು ಎಂದೆ. ಊರಿನವರಿಗೆ ಮುಂಬೈ ಕಾಲೇಜೆಂದರೆ ಕಣ್ಣರಳುತ್ತದೆ. ನಿನ್ನ ಫೋನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೂ ಇದಕ್ಕೇ. ಹಾಸ್ಟೆಲಿನಲ್ಲಿರುವ ಹುಡುಗಿ ವಾಟ್ಸಾಪಿನಲ್ಲಿ ಕಂಡರೆ ಮನೀಶ ಕೇಳದೆ ಬಿಡುತ್ತಾನಾ?

ಅಲ್ಲಿ ನೀನು ಸೇರಿದ ಐಟಿಐ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನೀನೂ ಪಪ್ಪನೂ ಕೂಡಿ ಆರಿಸಿದಿರಿ, ಮನೆ ಕಟ್ಟುವ ನಕ್ಷೆ ಬರೆಯುವುದು ಒಳ್ಳೆಯ ಕಲಿಕೆಯೇ ಇರಬಹುದು. ಆದರೆ ಆ ಮೂರು ಅಕ್ಷರ ನನ್ನ ಗಂಟಲಿನಿಂದ ಮೇಲೆ ಬರುವುದಿಲ್ಲ. ಸ್ವಲ್ಪ ದಿನ ಸಹಿಸು. ಚೆನ್ನಾಗಿ ಊಟ ಮಾಡು.

ನಿನ್ನ ಒಳ್ಳೆಯದನ್ನೇ ಬಯಸುವ,
ಅಮ್ಮ

*

ಅಂಬರನಾಥ
18 ಆಗಸ್ಟ್ 2024

ಅಮ್ಮಾ,

ಇದು ಏಳನೆಯವರೆಗೆ ಸಂಘದ ಕನ್ನಡ ಶಾಲೆಯಲ್ಲಿ ಕಲಿತ ಕನ್ನಡ. ತಪ್ಪಿದ್ದರೆ, ಎಂಟನೆಗೆ ನನ್ನನ್ನು ಅಲ್ಲಿಂದ ಕಿತ್ತು ಹೆಸರು ದೊಡ್ಡದಿರುವ ಇಂಗ್ಲಿಷ್ ಶಾಲೆಗೆ ಹಾಕಿದವರು ತಿದ್ದಿಕೊಳ್ಳಲಿ. ಆ ಶಾಲೆಯಲ್ಲಿ ಮೊದಲ ವರ್ಷ ಇಡೀ ನಾನು ಬಾಯಿ ತೆರೆಯಲಿಲ್ಲ. ನಿನಗೆ ಅದು ಗೊತ್ತಿದೆ. ಯೂನಿಫಾರ್ಮಿನ ಟೈ ಚೆನ್ನಾಗಿದೆ ಎಂದು ನೀನು ಊರಿಗೆ ಫೋಟೊ ಕಳಿಸಿದ್ದೆ.

ನನ್ನ ಸುದ್ದಿ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕ್ಲಾಸಿನಲ್ಲಿ ಹುಡುಗಿಯರೂ ಇದ್ದೇವೆ. ಬೆಳಿಗ್ಗೆಯಿಂದ ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತು ಗೆರೆ ಎಳೆಯುವುದು. ಪೆನ್ಸಿಲ್ ಒತ್ತಿದರೆ ಸರ್ ಬೈಯುತ್ತಾರೆ. ಇಲ್ಲಿ ನಾನು ಏಕದಂ ಹುಷಾರಿಯಾಗಿಬಿಟ್ಟಿದ್ದೇನೆ ಎಂದು ತಿಳಿಯಬೇಡ. ಇಲ್ಲಿಯೂ ನಾನು ಮಧ್ಯದಲ್ಲೇ ಇದ್ದೇನೆ. ಆದರೆ ಮಧ್ಯದಲ್ಲಿರುವವರನ್ನು ಇಲ್ಲಿ ಯಾರೂ ಎದ್ದು ನಿಲ್ಲಿಸುವುದಿಲ್ಲ.

ಬಾಗಿಲಿನ ಚೌಕಟ್ಟು ಎಷ್ಟು ಅಗಲ ಇರಬೇಕು, ಮೆಟ್ಟಿಲು ಎಷ್ಟು ಎತ್ತರ ಇದ್ದರೆ ಮುದುಕರಿಗೆ ಹತ್ತಲಿಕ್ಕಾಗುತ್ತದೆ ಎಂದೆಲ್ಲ ಕೇಳಲಿಕ್ಕೆ ನನಗೆ ಇಷ್ಟ. ಇಷ್ಟ ಎಂಬ ಮಾತನ್ನು ಓದಿನ ವಿಷಯದಲ್ಲಿ ನಾನು ಮೊದಲ ಸಲ ಹೇಳುತ್ತಿದ್ದೇನೆ. ನೀನು ಅದನ್ನು ಯಾರಿಗೂ ಹೇಳಲಾರೆ ಎಂಬುದು ಬೇರೆ.

ಒಂದೇ ಒಂದು ಕೇಳುತ್ತೇನೆ. ಚೌತಿಗೆ ಮನೆಗೆ ಬರಲಾ?

ಅನುಷ್ಕಾ

*

ಡೊಂಬಿವಲಿ ಪೂರ್ವ
1 ಸೆಪ್ಟೆಂಬರ್ 2024

ಅನು,

ಈ ಕಾಗದವನ್ನು ಎರಡು ಸಲ ಹರಿದು ಹಾಕಿ ಬರೆಯುತ್ತಿದ್ದೇನೆ. ಈ ಸಲ ಚೌತಿಗೆ ಬರಬೇಡ ಮಗಾ.

ಗಣಪತಿ ಕೂರಿಸಿದ ಮೇಲೆ ಮನೆ ಬಾಗಿಲು ಹಾಕುವ ಹಾಗಿಲ್ಲ, ಇಡೀ ಬಿಲ್ಡಿಂಗು ದರ್ಶನಕ್ಕೆ ಬರುತ್ತದೆ. ಒಬ್ಬೊಬ್ಬರೂ ನಿನ್ನ ಕೆಮಿಸ್ಟ್ರಿ ಹೇಗಿದೆ, ಹಾಸ್ಟೆಲಿನ ಊಟ ಹೇಗಿದೆ ಎಂದು ಕೇಳುತ್ತಾರೆ. ನಿನಗೆ ಸುಳ್ಳು ಹೇಳಲಿಕ್ಕೆ ಬರುವುದಿಲ್ಲ, ಕಿವಿ ಕೆಂಪಾಗುತ್ತದೆ. ಹಾಸ್ಟೆಲಿನಲ್ಲಿ ರಜೆ ಕೊಡುವುದಿಲ್ಲ ಎಂದು ರಮಿತಾಗೆ ಹೇಳಿಬಿಟ್ಟಿದ್ದೇನೆ. ಪಾಪ, ಹಬ್ಬಕ್ಕೂ ಬಿಡುವುದಿಲ್ಲವಾ ಎಂದು ಅವಳು ಮರುಗಿದಳು. ಅಷ್ಟು ಕಟ್ಟುನಿಟ್ಟಿದ್ದರೇ ಮಕ್ಕಳು ಮುಂದೆ ಬರುವುದು ಎಂದು ನಾನು ಹೇಳಿದೆ. ಹೇಳುವಾಗ ನನಗೇ ಅದು ನಿಜ ಎನಿಸಿತು, ಒಂದು ಗಳಿಗೆ ನಿನ್ನ ಬಗ್ಗೆ ಹೆಮ್ಮೆಯೂ ಆಯಿತು.

ಪಪ್ಪ ಎರಡು ದಿನದಿಂದ ನನ್ನ ಹತ್ತಿರ ಮಾತಾಡುತ್ತಿಲ್ಲ. ಮೊದಲೂ ಮಾತಾಡುತ್ತಿದ್ದದ್ದು ಅಷ್ಟಕ್ಕಷ್ಟೇ, ಆದ್ದರಿಂದ ನಾನು ತಲೆಗೆ ಹಚ್ಚಿಕೊಂಡಿಲ್ಲ.

ಪತ್ರೊಡೆಯನ್ನೂ ಚಕ್ಕುಲಿಯನ್ನೂ ಡಬ್ಬಿಯಲ್ಲಿ ಕಳಿಸುತ್ತೇನೆ. ಮುಂದಿನ ವರ್ಷ ಏನಾದರೂ ದಾರಿ ಮಾಡೋಣ.

ಅಮ್ಮ

*

ಅಂಬರನಾಥ
15 ಸೆಪ್ಟೆಂಬರ್ 2024

ಅಮ್ಮಾ,

ಡಬ್ಬಿ ಸಿಕ್ಕಿತು.

ಚೌತಿಯ ದಿನ ನಾನು ಬಂದಿದ್ದೆ. ದೊಡ್ಡಮ್ಮನಿಗೆ ದೇವಸ್ಥಾನಕ್ಕೆ ಹೋಗುತ್ತೇನೆಂದು ಹೇಳಿ ಲೋಕಲ್ ಹತ್ತಿದೆ. ನಿನ್ನ ಮಾತು ಮೀರಿ ಬಾಗಿಲು ತಟ್ಟುವುದು, ಏನಾದರಾಗಲಿ ಎಂದುಕೊಂಡಿದ್ದೆ. ಡೊಂಬಿವಲಿಯಲ್ಲಿ ಇಳಿದು ಸೇತುವೆ ಹತ್ತಿದರೆ ಎದುರಿಗೆ ರಮಿತಾ ಆಂಟಿ, ಕೈಯಲ್ಲಿ ಹೂವಿನ ಚೀಲ. ನನ್ನ ಕೈ ತಾನಾಗಿ ದುಪ್ಪಟ್ಟಾ ಎಳೆದು ಮುಖಕ್ಕೆ ಸುತ್ತಿಕೊಂಡಿತು. ಕಂಬಿಯ ಕಡೆಗೆ ತಿರುಗಿ, ಕೆಳಗೆ ಹಳಿ ನೋಡುವವಳ ಹಾಗೆ ನಿಂತೆ. ಆಂಟಿ ನನ್ನ ಬೆನ್ನಿಗೆ ತಾಗುವಷ್ಟು ಹತ್ತಿರದಿಂದ ಹೋದರು. ಅವರ ಮಲ್ಲಿಗೆ ಪರಿಮಳ ಬಂತು.

ಮುಂದಿನ ಟ್ರೇನಿಗೆ ವಾಪಸಾದೆ. ನಾನು ಏನೂ ಕದ್ದಿಲ್ಲ, ಯಾರನ್ನೂ ಹೊಡೆದಿಲ್ಲ. ಆದರೂ ದಾರಿಯುದ್ದಕ್ಕೂ ಮುಖದ ಬಟ್ಟೆ ತೆಗೆಯಲಿಲ್ಲ. ಬಹಳ ನಾಚಿಕೆಯಾಯಿತು ಅಮ್ಮಾ. ಮುಚ್ಚಿಕೋ ಎಂದು ನೀನು ಹೇಳಿಕೊಟ್ಟಿರಲಿಲ್ಲ, ನಾನೇ ಮುಚ್ಚಿಕೊಂಡೆ.

ಇನ್ನು ಬರಲಾ ಎಂದು ಕೇಳುವುದಿಲ್ಲ.

ಅನುಷ್ಕಾ

*

ಡೊಂಬಿವಲಿ ಪೂರ್ವ
11 ಡಿಸೆಂಬರ್ 2024

ಅನು,

ದೀಪಾವಳಿಯೂ ಹೋಯಿತು. ನೀನು ಬರೆಯಲಿಲ್ಲ. ಸೇತುವೆಯ ವಿಷಯ ಓದಿದ ಮೇಲೆ ನನಗೂ ಏನು ಬರೆಯಬೇಕೆಂದು ತಿಳಿಯಲಿಲ್ಲ. ಈಗ ಬರೆಯುತ್ತಿರುವುದು, ಇದನ್ನು ನೀನು ಬೇರೆ ಯಾರದೋ ಬಾಯಿಂದ ಕೇಳಬಾರದೆಂದು.

ರಮಿತಾ, ಅವಳೂ ನಮ್ಮ ಕಡೆಯವಳೇ ಅಲ್ಲವಾ, ತಮ್ಮನ ಮದುವೆಗೆ ಊರಿಗೆ ಹೋಗಿದ್ದಳು. ಊರಿಗೆ ಹೋಗುವವರು ಅಕ್ಕಪಕ್ಕದವರ ಮಕ್ಕಳಿಗೆ ಏನಾದರೂ ಕಟ್ಟಿಕೊಂಡು ಹೋಗುವುದು ನಮ್ಮವರ ಪದ್ಧತಿ ತಾನೇ. ಕೇಳಿದ್ದರೆ ಬೇಡವೇ ಬೇಡ ಎನ್ನುತ್ತಿದ್ದೆ. ಅವಳು ಕೇಳಲಿಲ್ಲ. ಹಬ್ಬಕ್ಕೂ ಮನೆ ಕಾಣದ ಹುಡುಗಿ ಎಂದು ನಿನಗಾಗಿ ಬೇಸನ್ ಉಂಡೆ ಮಾಡಿ, ಮದುವೆಯ ಮರುದಿನ ಬಸ್ಸು ಹಿಡಿದು ಆ ಕಾಲೇಜಿಗೆ ಹೋಗಿದ್ದಾಳೆ. ಗೇಟಿನಲ್ಲಿ ನಿನ್ನ ಹೆಸರು ಹೇಳಿದಳು. ವಾಚ್‌ಮನ್ ಆಫೀಸಿಗೆ ಕಳಿಸಿದ. ಆಫೀಸಿನವರು ಆ ಹೆಸರಿನ, ಆ ಊರಿನ ಹುಡುಗಿ ನಮ್ಮಲ್ಲಿ ಸೇರಿಯೇ ಇಲ್ಲ ಎಂದರು. ಗಾಬರಿಯಾಗಿ ಕಟಪಾಡಿಗೆ ಅಜ್ಜಿಯ ಮನೆಗೆ ಓಡಿದ್ದಾಳೆ. ಅಜ್ಜಿ, "ಅವಳು ಮುಂಬೈಯಲ್ಲೇ ಉಂಟಲ್ಲ, ಮಾಟುಂಗಾದಲ್ಲಿ" ಎಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮಗು ಎಲ್ಲಿಯೂ ಇಲ್ಲ ಎಂದು ಅಳಲಿಕ್ಕೆ ಶುರು ಮಾಡಿದ್ದಾರೆ.

ನಾನು ದೋಸೆಗೆ ರುಬ್ಬುತ್ತಿದ್ದೆ. ಫೋನ್ ಬಂತು. "ಅಕ್ಕಾ, ಮಗು ಎಲ್ಲಿ? ಪೊಲೀಸಿಗೆ ಹೇಳುವುದಾ?" ಎಂದು ರಮಿತಾ ಕಿರುಚುತ್ತಿದ್ದಳು, ಹಿಂದಿನಿಂದ ಅಜ್ಜಿಯ ಅಳು. ನಿಜ ಹೇಳಲಿಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ನಾನು ಏನು ಹೇಳಿದೆ ಗೊತ್ತಾ? ಅನುವಿಗೆ ಮನಸ್ಸಿನ ಕಾಯಿಲೆ ಎಂದೆ. ಊರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು, ಅಷ್ಟರಲ್ಲಿ ಹುಷಾರು ತಪ್ಪಿತು, ಅಜ್ಜಿ ಹೆದರುತ್ತಾರೆಂದು ಮಾಟುಂಗಾ ಎಂದೆವು, ಅಂಬರನಾಥದಲ್ಲಿ ಅಕ್ಕನ ಮನೆಯಲ್ಲಿಟ್ಟು ಡಾಕ್ಟರಿಗೆ ತೋರಿಸುತ್ತಿದ್ದೇವೆ, ಯಾರಿಗೂ ಹೇಳಬೇಡ ಎಂದೆ. ಎಷ್ಟು ಸಲೀಸಾಗಿ ಬಂತೆಂದರೆ, ಎಲ್ಲ ಸುಳ್ಳುಗಳೂ ಒಂದಕ್ಕೊಂದು ಕೂಡಿಕೊಂಡವು.

ರಮಿತಾ ವಾಪಸು ಬಂದವಳು ನನ್ನನ್ನು ಅಪ್ಪಿಕೊಂಡು ಅತ್ತಳು. ಈಗ ಸೊಸಾಯಿಟಿಗೆಲ್ಲ ಗೊತ್ತಾಗಿದೆ. ಬರುವ ಶನಿವಾರ ಭಜನಾ ಮಂಡಳಿಯಲ್ಲಿ ನಿನ್ನ ಆರೋಗ್ಯಕ್ಕಾಗಿ ವಿಶೇಷ ಭಜನೆ ಇಟ್ಟಿದ್ದಾರೆ.

ಪಪ್ಪನಿಗೆ ಹೇಳಿದೆ. ಅವರು ಊಟದ ತಟ್ಟೆ ಬಿಟ್ಟು ಎದ್ದರು. ನನಗೆ ನೆಲ ಬಾಯಿ ಬಿಡಬಾರದೇ ಎನಿಸುತ್ತಿದೆ.

ಅಮ್ಮ

*

ಅಂಬರನಾಥ
14 ಡಿಸೆಂಬರ್ 2024

ಅಮ್ಮಾ,

ಅರವತ್ತೊಂದು ಪರ್ಸೆಂಟಿನ ಮಗಳಿಗಿಂತ ಕಾಯಿಲೆಯ ಮಗಳು ನಿನಗೆ ವಾಸಿಯಾ?

ಈ ಪ್ರಶ್ನೆಗೆ ನೀನು ಉತ್ತರ ಬರೆಯಬೇಡ. ನನಗೆ ಗೊತ್ತು, ವಾಸಿ. ಕಾಯಿಲೆಯ ಮಗಳ ಅಮ್ಮನನ್ನು ಜನ ಅಪ್ಪಿಕೊಳ್ಳುತ್ತಾರೆ. ದಡ್ಡ ಮಗಳ ಅಮ್ಮನನ್ನು ಯಾರು ಅಪ್ಪಿಕೊಳ್ಳುತ್ತಾರೆ?

ನಿನ್ನ ಕಾಗದವನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. ದೊಡ್ಡಮ್ಮ, "ಅವಳು ಚಿಕ್ಕಂದಿನಿಂದ ಹಾಗೆಯೇ, ಬಿದ್ದದ್ದನ್ನು ಮುಚ್ಚಲು ಹೋಗಿ ಇನ್ನೊಂದನ್ನು ಬೀಳಿಸುತ್ತಾಳೆ" ಎಂದರು. ಆಮೇಲೆ ಅವರೂ ಅತ್ತರು. ನಾನು ಅಳಲಿಲ್ಲ. ಸೋಮವಾರ ನಕ್ಷೆಯ ಶೀಟ್ ಕೊಡಬೇಕಿತ್ತು, ಅದನ್ನು ಮುಗಿಸಿದೆ.

ನಾನು ಎಲ್ಲಿದ್ದೇನೆ, ಏನು ಓದುತ್ತೇನೆ ಎಂದು ನೀನು ಅವರಿಗೆ ಹೇಳುವವರೆಗೆ ನನಗೆ ಬರೆಯಬೇಡ. ಡಬ್ಬಿಯನ್ನೂ ಕಳಿಸಬೇಡ.

ಅನುಷ್ಕಾ

*

ಡೊಂಬಿವಲಿ ಪೂರ್ವ
19 ಜನವರಿ 2025

ಅನು,

ಹೇಳಿದೆ. ಅದಕ್ಕೇ ಬರೆಯುತ್ತಿದ್ದೇನೆ.

ತಕ್ಷಣ ಹೇಳಿದೆ ಎಂದು ನೀನು ತಿಳಿಯುವುದು ಬೇಡ. ನಿನ್ನ ಕಾಗದ ಬಂದ ದಿನವೇ ಆ ವಿಶೇಷ ಭಜನೆ ಇತ್ತು. ನಾನು ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಎಲ್ಲರೂ ನಿನಗಾಗಿ ಕಣ್ಣು ಮುಚ್ಚಿ ಹಾಡಿದರು. ನಾನೂ ತಾಳ ಹಾಕಿದೆ, ಪ್ರಸಾದ ತೆಗೆದುಕೊಂಡೆ, ಮನೆಗೆ ಬಂದು ಅದನ್ನು ತಿನ್ನಲಾರದೆ ಇಟ್ಟೆ. ಮುಂದಿನ ಶನಿವಾರವೂ ಹಾಗೆಯೇ ಆಯಿತು. ಆಮೇಲಿನ ಶನಿವಾರಗಳಿಗೆ ತಲೆನೋವೆಂದು ಹೋಗಲಿಲ್ಲ.

ನಿನ್ನೆ ಮಂಗಳಾರತಿಗೆ ಮೊದಲು ಎದ್ದು ನಿಂತೆ. ಅನುವಿಗೆ ಯಾವ ಕಾಯಿಲೆಯೂ ಇಲ್ಲ, ಹತ್ತನೆಯಲ್ಲಿ ಅರವತ್ತೊಂದು ಬಂತು, ಅಂಬರನಾಥದ ಐಟಿಐಯಲ್ಲಿ ಡ್ರಾಫ್ಟ್ಸ್‌ಮನ್ ಕಲಿಯುತ್ತಿದ್ದಾಳೆ, ನನಗೆ ನಾಚಿಕೆಯಾಗಿ ಮುಚ್ಚಿಟ್ಟೆ ಎಂದೆ. ಇದಿಷ್ಟೇ ಮಾತು. ನಿನಗೆ ಐದನೆಯಲ್ಲಿ ಕಲಿಸಿದ ವೇದಾವತಿ ಟೀಚರ್ ಕನ್ನಡಕ ತೆಗೆದು, "ಐಟಿಐ ಸೇರಿದ್ದಕ್ಕೆ ನಾವು ಇಷ್ಟು ದಿನ ದೇವರಿಗೆ ಮೊರೆ ಇಟ್ಟದ್ದಾ ಸ್ವರ್ಣಲತಾ?" ಎಂದರು. ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಯಾರೂ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ಆರತಿ ತಟ್ಟೆ ನನ್ನ ಹತ್ತಿರ ಬರುವಾಗ ನನಗೆ ಕೈ ಚಾಚಲಾಗಲಿಲ್ಲ.

ರಮಿತಾ ಬಾಗಿಲ ಹತ್ತಿರ ನನಗಾಗಿ ಕಾದಿದ್ದಳು. "ಮಾರ್ಕ್ ಕಮ್ಮಿ ಎಂದು ನಾನು ಏನು ಹೇಳ್ತಿದ್ದೆ ಅಕ್ಕಾ? ಮಗು ಎಲ್ಲಿ ಎಂದು ಕಟಪಾಡಿಯಲ್ಲಿ ನಾನು ಅತ್ತದ್ದು ನಿಮಗೆ ಗೊತ್ತಿತ್ತು. ಆಮೇಲೂ ನನ್ನ ಹೆಗಲ ಮೇಲೆ ತಲೆ ಇಟ್ಟಿರಿ" ಎಂದಳು. ಉತ್ತರಕ್ಕೆ ಕಾಯದೆ ಹೋದಳು. ಅವಳು ಇನ್ನು ನನ್ನ ಹತ್ತಿರ ಮಾತಾಡುತ್ತಾಳೋ ಇಲ್ಲವೋ. ಅಜ್ಜಿಗೂ ಫೋನ್ ಮಾಡಿದೆ. "ನೀನು ಹೇಳಿದ್ದು ಸಾಕು, ಫೋನನ್ನು ನಿನ್ನ ಗಂಡನಿಗೆ ಕೊಡು, ಅವನು ಹೇಳಿದರೆ ನಂಬುತ್ತೇನೆ" ಎಂದರು.

ಅನು, ನಾನು ಇಷ್ಟು ದಿನ ಜನರಿಗೆ ಹೆದರಿದೆ ಎಂದು ಹೇಳಿಕೊಳ್ಳುತ್ತಿದ್ದೆ. ಅದೂ ಪೂರ್ತಿ ನಿಜವಲ್ಲ. ಜನ ಕೇಳದಿದ್ದಾಗಲೂ, ಒಬ್ಬಳೇ ಅಡುಗೆಮನೆಯಲ್ಲಿದ್ದಾಗಲೂ, ನನ್ನ ಮಗಳು ಎಲ್ಲರ ಹಾಗೆ ಸಾಧಾರಣದವಳು ಎಂದು ಒಪ್ಪಲಿಕ್ಕೆ ನನಗೆ ಆಗುತ್ತಿರಲಿಲ್ಲ. ನಾನು ಯಾವ ಮಹಾ ಬುದ್ಧಿವಂತೆ? ಪಿಯುಸಿ ಎರಡು ಸಲ ಕಟ್ಟಿದವಳು.

ನಿನ್ನ ಫೋನನ್ನು ಪಪ್ಪನ ಕೈಯಲ್ಲಿ ಕಳಿಸಿದ್ದೇನೆ. ಗಣರಾಜ್ಯ ದಿನದಂದು ನಿಮ್ಮಲ್ಲಿ ಪ್ರದರ್ಶನ ಇದೆ, ಮನೆಯವರು ಬರಬಹುದು ಎಂದು ಅವರು ಹೇಳಿದರು. ನಾನು ಬರಲಾ? ಬೇಡ ಎಂದರೆ ಬರುವುದಿಲ್ಲ.

ಅಮ್ಮ

*

ಅಂಬರನಾಥ
2 ಫೆಬ್ರವರಿ 2025

ಅಮ್ಮಾ,

ಫೋನ್ ಕೈಯಲ್ಲೇ ಇದೆ. ಆದರೆ ಇದನ್ನು ಫೋನಿನಲ್ಲಿ ಹೇಳಲು ಹೋದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅಥವಾ ನಾನು ಅಳುತ್ತೇನೆ.

ಗಣರಾಜ್ಯ ದಿನ, ನಾನು ಬಾ ಎಂದದ್ದಕ್ಕೆ, ನೀನು ರೇಷ್ಮೆ ಸೀರೆ ಉಟ್ಟು ಬಂದದ್ದು ದೂರದಿಂದಲೇ ಕಾಣಿಸಿತು. ಐಟಿಐಯ ಪ್ರದರ್ಶನಕ್ಕೆ ಯಾರೂ ಮದುವೆಗೆ ಬಂದ ಹಾಗೆ ಬರುವುದಿಲ್ಲ. ನೀನು ನನ್ನ ಶೀಟಿನ ಮುಂದೆ ನಿಂತು, ಒಂದು ರೂಮ್ ಕಿಚನಿನ ಮನೆಯ ನಕ್ಷೆಯನ್ನು ಉಲ್ಟಾ ಕಾಗದ ಓದುವವಳ ಹಾಗೆ ಕತ್ತು ತಿರುಗಿಸಿ ತಿರುಗಿಸಿ ನೋಡಿದೆ. ಆಗ ನನ್ನ ಪಕ್ಕದ ಬೋರ್ಡಿನ ಕಾಂಚನಾ ಬಂದು, "ಹ್ಯಾ ಕೋಣ?" ಎಂದು, ಇವರು ಯಾರು ಎಂದು ಮರಾಠಿಯಲ್ಲಿ ಕೇಳಿದಳು. ನಾನು ಮಾವಶಿ ಎಂದೆ. ಚಿಕ್ಕಮ್ಮ ಎಂದೆ.

ನೀನು ನನ್ನ ಮುಖ ನೋಡಿದೆ. ಆಮೇಲೆ ಅವಳ ಕಡೆಗೆ ತಿರುಗಿ, "ಹೋ, ಮೀ ತಿಚೀ ಮಾವಶಿ", ಹೌದು, ನಾನು ಅವಳ ಚಿಕ್ಕಮ್ಮ ಎಂದು ನಿನ್ನ ಹರಕು ಮರಾಠಿಯಲ್ಲಿ ಹೇಳಿ ನಕ್ಕೆ. ಅವಳಿಗೆ ಯಾವ ಊರು ಎಂದು ಕೇಳಿ, ಕಲಬುರಗಿ ಕಡೆಯವಳೆಂದು ತಿಳಿದು ಕನ್ನಡದಲ್ಲಿ ಮಾತಾಡಿಸಿದೆ. ಚಹಾ ಕುಡಿದು ಹೊರಟೆ. ಗೇಟಿನವರೆಗೂ ತಿರುಗಿ ನೋಡಲಿಲ್ಲ.

ನಾನು ಸೇಡು ತೀರಿಸಿಕೊಂಡೆ ಎಂದು ನೀನು ತಿಳಿದಿದ್ದರೆ, ಅಲ್ಲ. ಮೊದಲ ವಾರವೇ ಕಾಂಚನಾ ಕೇಳಿದ್ದಳು, ನಿನ್ನ ಅಮ್ಮ ಎಲ್ಲಿದ್ದಾರೆ ಎಂದು. ಅವಳ ಅಮ್ಮ ಚಂದ್ರಬಾಯಿ ಕಲ್ಯಾಣದ ಕಡೆ ಬಿಲ್ಡಿಂಗ್ ಕೆಲಸದಲ್ಲಿ ಇಟ್ಟಿಗೆ ಹೊರುತ್ತಾರೆ, ಸಿಕ್ಕಿದವರಿಗೆಲ್ಲ ನನ್ನ ಮಗಳು ಐಟಿಐ ಎಂದು ಹೇಳುತ್ತಾರಂತೆ. ನನ್ನ ಅಮ್ಮ ಡೊಂಬಿವಲಿಯಲ್ಲೇ ಇದ್ದಾಳೆ, ನಾನು ಇಲ್ಲಿ ಓದುವುದು ಅವಳಿಗೆ ಅವಮಾನ, ಅದಕ್ಕೆ ಬೇರೆಯವರ ಮನೆಯಲ್ಲಿಟ್ಟಿದ್ದಾಳೆ ಎಂದು ನಾನು ಹೇಗೆ ಹೇಳಲಿ? ದೊಡ್ಡಮ್ಮನೇ ನನ್ನ ಅಮ್ಮ ಎಂದುಬಿಟ್ಟೆ. ನೀನು ನನ್ನನ್ನು ಮುಚ್ಚಿಟ್ಟ ಹಾಗೆಯೇ ನಾನು ನಿನ್ನನ್ನು ಮುಚ್ಚಿಟ್ಟೆ. ನನಗೂ ಸಲೀಸಾಗಿಯೇ ಬಂತು.

ನೀನು ಇಷ್ಟು ದಿನ ಹೇಳಿದ ಸುಳ್ಳೆಲ್ಲ ನಿನಗೋಸ್ಕರ. ಅವತ್ತು ಹೇಳಿದ್ದು ನನಗೋಸ್ಕರ. ಅದನ್ನು ನೋಡಿ ಬಹಳ ನೊಂದುಕೊಂಡೆ.

ಮರುದಿನ ಕಾಂಚನಾಗೆ ನಿಜ ಹೇಳಿದೆ. "ಹಡದ ಅವ್ವಗ ಮಾವಶಿ ಅಂದಿಯೇನ? ಛೀ!" ಎಂದು ಎದ್ದು ಬೇರೆ ಬೋರ್ಡಿಗೆ ಹೋದಳು. ನಿನ್ನೆಯಿಂದ ಮಾತಾಡುತ್ತಿದ್ದಾಳೆ, ಸ್ವಲ್ಪ ಸ್ವಲ್ಪ.

ಕೋರ್ಸ್ ಮುಗಿಯುವವರೆಗೆ ನಾನು ದೊಡ್ಡಮ್ಮನ ಮನೆಯಲ್ಲೇ ಇರುತ್ತೇನೆ. ಅದು ಈಗ ನನ್ನ ಇಷ್ಟದಿಂದ. ಆದರೆ ಬರುವ ಭಾನುವಾರ ಮನೆಗೆ ಬರುತ್ತೇನೆ, ಹಗಲಿಗೇ, ಎಲ್ಲರೂ ಎದ್ದಿರುವಾಗ. ನನ್ನನ್ನು ಕರೆದುಕೊಂಡು ಹೋಗಲು ನೀನೇ ಸ್ಟೇಷನ್ನಿಗೆ ಬಾ, ಪಪ್ಪನನ್ನು ಕಳಿಸಬೇಡ. ದಾರಿಯಲ್ಲಿ ಯಾರು ಏನು ಕೇಳಿದರೂ ಉತ್ತರ ನಾನು ಹೇಳುತ್ತೇನೆ. ನಾನು ಹೇಳಿ ಮುಗಿಸುವವರೆಗೆ ನೀನು ನನ್ನ ಪಕ್ಕದಲ್ಲಿ ನಿಂತಿರು, ಅವರ ಮುಖ ನೋಡಿಕೊಂಡು ನಿಂತಿರು. ನೆಲ ನೋಡಬೇಡ.

ಅನು